ಪದ್ಮಾಬಾಯಿಯ ಹಾಡುಗಳಿದ್ದ ಕಂಪ್ಯೂಟರ್

ಹಾನಗಲ್ಲಿನ ತಾಲ್ಲೂಕು ಕಚೇರಿಯ ಎದುರಿನ ಸಾಲಿನಲ್ಲಿ, ಝೆರಾಕ್ಸ್ ಅಂಗಡಿಗೂ ಚಹಾದ ಅಂಗಡಿಗೂ ನಡುವೆ ಸಿಕ್ಕಿಕೊಂಡಂತೆ ಮಲ್ಲಿಕಾಳ ಅಂಗಡಿ ಇದೆ. ಎಂಟಡಿ ಅಗಲ. ಒಳಗೆ ಒಂದು ಲ್ಯಾಪ್‌ಟಾಪೂ ಸೇರಿ ಮೂರು ಕಂಪ್ಯೂಟರು, ಒಂದು ಪ್ರಿಂಟರು, ಬಂದವರು ಕೂರಲಿಕ್ಕೆ ಒಂದು ಬೆಂಚು. ಖರೀದಿಪತ್ರ, ಲಗ್ನಪತ್ರಿಕೆ, ಬೆಳೆವಿಮೆಯ ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ, ಏನೇ ಇದ್ದರೂ ಅವಳು ಪರದೆಯನ್ನು ಮಾತ್ರ ನೋಡಿಕೊಂಡು ಕನ್ನಡ ಬಡಿಯುತ್ತಿದ್ದಳು. ಬಾಂಡ್ ಬರೆಯುವ ಮಹಾಲಿಂಗಪ್ಪ ಹೇಳಿ ಮುಗಿಸುವುದಕ್ಕೂ ಆಕೆ ಟೈಪು ಮಾಡಿ ಮುಗಿಸುವುದಕ್ಕೂ ಒಂದು ಉಸಿರಿನಷ್ಟೂ ಅಂತರ ಇರುತ್ತಿರಲಿಲ್ಲ.

ಮಲ್ಲಿಕಾ ಹತ್ತಿಮತ್ತೂರಿನ ರೈತರ ಮನೆಯ ಮಗಳು. ತಾಯಿ ತಿಪ್ಪವ್ವನಿಗೆ ಓದು ಬರಹ ಬರುತ್ತಿರಲಿಲ್ಲ, ಆದರೆ ಮಗಳು ನೆರಳಿನಲ್ಲಿ ಕೂತು ಮಾಡುವ ಕೆಲಸ ಕಲಿಯಬೇಕೆಂಬ ಹಟವಿತ್ತು. ಪಿಯುಸಿ ಆದಮೇಲೆ ಮಲ್ಲಿಕಾ ದಿನಾ ಬಸ್ಸು ಹತ್ತಿ ಸವಣೂರಿಗೆ ಹೋಗಿ ಕಂಪ್ಯೂಟರ್ ಕ್ಲಾಸು ಮುಗಿಸಿದಳು. ಹಾನಗಲ್ಲಿನ ಫಕ್ಕೀರಪ್ಪನನ್ನು ಮದುವೆಯಾಗಿ ಬಂದ ಎರಡನೆಯ ವರ್ಷ ಅಂಗಡಿ ಹಾಕಿದಳು. ಫಕ್ಕೀರಪ್ಪ ಭತ್ತದ ಗದ್ದೆ ನೋಡಿಕೊಳ್ಳುತ್ತಿದ್ದ, ಆಕೆ ಅಂಗಡಿ.

ಕೆಲಸದಲ್ಲಿ ಚುರುಕು, ಆದರೆ ಸ್ವಭಾವದಲ್ಲಿ ಅಂಜುಬುರುಕಿ. ಅದು ಆಕೆಗೆ ತವರಿನಿಂದ ಬಂದದ್ದು. ಚಿಕ್ಕವಳಿದ್ದಾಗ ಓಣಿಯೊಳಗೆ ಸರಕಾರಿ ಜೀಪು ಬಂದರೆ ತಿಪ್ಪವ್ವ ಮಗಳ ಕೈಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕದ ಹಾಕುತ್ತಿದ್ದಳು. ಯಾಕೆಂದು ತಾಯಿಗೂ ಗೊತ್ತಿರಲಿಲ್ಲ. ಏನೂ ತಪ್ಪು ಮಾಡಿರಲಿಲ್ಲ. ತಪ್ಪು ಮಾಡದವರನ್ನೂ ಹಿಡಿಯುತ್ತಾರೆ ಎಂಬುದಷ್ಟೇ ಆಕೆಯ ತಿಳಿವಳಿಕೆ. ಬೆಳೆದು ನಾಲ್ಕು ಜನರ ಕಾಗದಪತ್ರ ಮಾಡಿಕೊಡುವವಳಾದ ಮೇಲೂ, ಮೊಹರು ಬಿದ್ದ ಲಕೋಟೆ ಕೈಗೆ ಬಂದರೆ ಮಲ್ಲಿಕಾಳ ಅಂಗೈ ಬೆವರುತ್ತಿತ್ತು.

ಪದ್ಮಾಬಾಯಿಯ ಪರಿಚಯವಾದದ್ದು ನಾಲ್ಕು ವರ್ಷದ ಹಿಂದೆ. ಎಪ್ಪತ್ತಾರು ದಾಟಿದ ವೈಷ್ಣವರ ಮನೆಯ ಹಿರಿಯಾಕೆ. ಮನೆತನದಲ್ಲಿ ಗಂಡಸರು ಸಂಸ್ಕೃತ ಓದಿದವರು, ಪುಸ್ತಕ ಬರೆದವರು. ಹೆಂಗಸರು ಹಾಡಿದವರು. ಎಣ್ಣೆ ಹಚ್ಚುವ ಹಾಡು, ಮದುಮಕ್ಕಳ ಉರುಟಣೆಯ ಹಾಡು, ಆರತಿ ಹಾಡು, ತೊಟ್ಟಿಲ ಹಾಡು, ಮಗಳನ್ನು ಗಂಡನ ಮನೆಗೆ ಒಪ್ಪಿಸುವ ಹಾಡು. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಪದ್ಮಾಬಾಯಿಗೆ ಬಾಯಿಂದ ಬಾಯಿಗೇ ಬಂದವು. ಯಾವ ವಹಿಯಲ್ಲೂ ಇರಲಿಲ್ಲ. ಹಿರೇಕೆರೂರಿನ ಕಾಲೇಜಿನಲ್ಲಿ ಕನ್ನಡ ಕಲಿಸುವ ಆಕೆಯ ಅಣ್ಣನ ಮಗ ಸುಯಮೀಂದ್ರ, ಇವನ್ನೆಲ್ಲ ಬರೆದಿಟ್ಟು ಒಂದು ಪುಸ್ತಕ ಮಾಡೋಣವೆಂದು ಮಲ್ಲಿಕಾಳನ್ನು ಗೊತ್ತು ಮಾಡಿದ್ದ.

ವಾರಕ್ಕೆ ಎರಡು ಮಧ್ಯಾಹ್ನ ಮಲ್ಲಿಕಾ ಅವರ ಮನೆಗೆ ಹೋಗುವಳು. ಪದ್ಮಾಬಾಯಿ ಕಂಬಕ್ಕೆ ಬೆನ್ನು ಕೊಟ್ಟು ಕೂತು ಹಾಡುವಳು, ಮಲ್ಲಿಕಾ ಮೊಬೈಲಿನಲ್ಲಿ ದನಿ ಹಿಡಿಯುವಳು. ಅಂಗಡಿಗೆ ಬಂದು ಕಂಪ್ಯೂಟರಿಗೆ ಹಾಕಿ, ಕೇಳಿ ಕೇಳಿ ಟೈಪು ಮಾಡುವಳು. ಮೊಬೈಲು ತುಂಬಿಹೋಗುವುದರಿಂದ ಅದರಲ್ಲಿದ್ದದ್ದನ್ನು ಅಳಿಸಿಬಿಡುವಳು. ಮೊದಲು ಅದು ಬರೀ ಕೆಲಸವಾಗಿತ್ತು. ಆಮೇಲಾಮೇಲೆ ಗದ್ದೆಯ ಬದುವಿನ ಮೇಲೆ ನಡೆಯುವಾಗ ಆ ಹಾಡುಗಳು ತನ್ನ ಬಾಯಲ್ಲೇ ಬರುತ್ತಿವೆ ಎಂದು ಆಕೆಗೆ ಗೊತ್ತಾಯಿತು. ಹೋದ ಆಷಾಢಕ್ಕೆ ಹಾಡು ನೂರಾ ತೊಂಬತ್ತಾಗಿದ್ದವು.

ಅದೇ ಆಷಾಢದಲ್ಲಿ ಒಂದು ದಿನ ಕರೆಂಟು ಹೋಗಿ ಹೋಗಿ ಬಂದು, ಆಕೆಯ ದೊಡ್ಡ ಕಂಪ್ಯೂಟರು ಸತ್ತುಬಿದ್ದಿತು. ಹಾಡುಗಳಿದ್ದದ್ದು ಅದರಲ್ಲೇ. ಸವಣೂರಿನ ಮುಜಾಫರ ಬಂದು ಬಿಚ್ಚಿ ನೋಡಿದ. ಕಂಪ್ಯೂಟರ್ ಕ್ಲಾಸಿನಲ್ಲಿ ಆಕೆಯ ಜೊತೆ ಕಲಿತವನು ಅವನು, ಈಗ ನಾಲ್ಕು ತಾಲ್ಲೂಕು ತಿರುಗಿ ರಿಪೇರಿ ಮಾಡುತ್ತಾನೆ.

“ಮದರ್‌ಬೋರ್ಡ್ ಸುಟ್ಟೈತಿ ಅಕ್ಕಾ. ಹಾರ್ಡ್‌ಡಿಸ್ಕಿಗೆ ಏನೂ ಆಗಿಲ್ಲ. ನಿಮ್ಮ ಫೈಲ್ ಎಲ್ಲಾ ಅದಾವ” ಎಂದು ಹೇಳಿ, ಹೊಸ ಬೋರ್ಡ್ ಹಾಕಿ, ಬಂದಷ್ಟೇ ಅವಸರದಲ್ಲಿ ಹೋದ. ಮಲ್ಲಿಕಾ ಹಾಡುಗಳಿದ್ದ ಫೋಲ್ಡರು ತೆರೆದು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟಳು.

ಎರಡು ದಿನಕ್ಕೆ ಪರದೆಯ ಬಲಗಡೆ ಕೆಳಮೂಲೆಯಲ್ಲಿ ಬೂದುಬಣ್ಣದ ಅಕ್ಷರ ಮೂಡಿದವು. ‘ಆ್ಯಕ್ಟಿವೇಟ್ ವಿಂಡೋಸ್’, ಲೈಸನ್ಸ್ ಊರ್ಜಿತ ಮಾಡಿಕೋ ಎಂದು. ಯಾವ ಫೈಲು ತೆರೆದರೂ ಅದರ ಮೇಲೆ ನೆರಳಿನಂತೆ ಅದು ಇದ್ದೇ ಇರುತ್ತಿತ್ತು. ಒರೆಸಿದರೆ ಹೋಗುವುದೇನೋ ಎಂದು ಆಕೆ ಒಮ್ಮೆ ಬಟ್ಟೆಯಿಂದ ಪರದೆ ಒರೆಸಿಯೂ ನೋಡಿದಳು.

ಬೆಂಚಿನ ಮೇಲೆ ಕೂತಿದ್ದ ಮಹಾಲಿಂಗಪ್ಪ ಕನ್ನಡಕ ಏರಿಸಿ ಓದಿದ. “ಇದು ಡುಪ್ಲಿಕೇಟ್ ಅಂತ ಕಂಪನಿಯವರಿಗೆ ಗೊತ್ತಾಗೇತಿ ತಂಗಿ. ಇಂಟರ್ನೆಟ್ಟಿನಾಗಿಂದ ಕುಂತು ನೋಡತಿರತಾರ ಅವರು.”

“ಡುಪ್ಲಿಕೇಟ್ ಅಲ್ರೀ. ತರೂಮುಂದ ಲೈಸನ್ಸ್ ಸಹಿತ ತಂದೇನಿ, ಬಿಲ್ ಐತಿ.”

“ಬಿಲ್ ಯಾರು ಕೇಳ್ತಾರ? ಒಂದು ಊರಾಗ ರೇಡ್ ಮಾಡಿ ಎಲ್ಲಾ ಪೆಟ್ಟಿಗಿ ಹೊತ್ಗೊಂಡು ಹೋದ್ರಂತ. ಒಳಗ ಇದ್ದದ್ದು ಒಂದೂ ವಾಪಸ್ ಕೊಡಲಿಲ್ಲಂತ.”

ಅವನಿಗೂ ಯಾರೋ ಹೇಳಿದ ಮಾತು ಅದು. ಆದರೆ ಮಲ್ಲಿಕಾಳಿಗೆ ಆ ಹೊತ್ತಿನಿಂದ ನೆಮ್ಮದಿ ಇರಲಿಲ್ಲ. ತಾಲ್ಲೂಕು ಕಚೇರಿಗೆ ಜೀಪು ಬರುವುದು ದಿನದ ಮಾತು; ಈಗ ಜೀಪಿನ ಬಾಗಿಲು ಬಡಿದ ಸದ್ದಾದರೆ ಟೈಪು ಮಾಡುವ ಕೈ ನಿಲ್ಲುತ್ತಿತ್ತು. ಮುಜಾಫರನಿಗೆ ಫೋನು ಹಚ್ಚಿದಳು. ಬಂದ್ ಇತ್ತು. ಮರುದಿನವೂ ಬಂದ್. ಕಂಪ್ಯೂಟರು ತಾನಾಗಿಯೇ ಒಂದು ದಿನ ಬೀಗ ಹಾಕಿಕೊಂಡರೆ ಹಾಡುಗಳ ಗತಿ ಏನೆಂಬ ಯೋಚನೆ ಊಟದ ತಟ್ಟೆಯ ಮುಂದೆಯೂ ಬಿಡಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಇಂಟರ್ನೆಟ್ಟಿನಲ್ಲಿ ಹುಡುಕಿದಳು. ಒಂದು ವಿಡಿಯೋ ಸಿಕ್ಕಿತು. ಮುಖ ತೋರಿಸದ ಒಬ್ಬ ಹಿಂದಿಯಲ್ಲಿ ಮೆತ್ತಗೆ ಹೇಳುತ್ತಿದ್ದ: ಕೆಳಗಿನ ಫೈಲು ಇಳಿಸಿಕೊಳ್ಳಿ, ಒತ್ತಿ, ಎರಡು ನಿಮಿಷದಲ್ಲಿ ಆ ಅಕ್ಷರ ಮಾಯವಾಗುತ್ತವೆ, ಆಯುಷ್ಯಪೂರ್ತಿ ಮತ್ತೆ ಬರುವುದಿಲ್ಲ. ಅದಕ್ಕೆ ಮುಂಚೆ ಆ್ಯಂಟಿವೈರಸ್ ಬಂದ್ ಮಾಡಿಕೊಳ್ಳಿ, ಅದು ಸುಮ್ಮನೆ ತಕರಾರು ಮಾಡುತ್ತದೆ.

ಆಕೆ ಫೈಲು ಇಳಿಸಿಕೊಂಡಳು. ಕಂಪ್ಯೂಟರು ಕೆಂಪು ಬಣ್ಣದಲ್ಲಿ ಬೇಡವೆಂದಿತು. ಒಂದು ಗಳಿಗೆ ಮೌಸಿನ ಮೇಲೆ ಕೈಯಿಟ್ಟು ಕೂತಳು. ಹೊರಗೆ ಯಾವುದೋ ಜೀಪು ನಿಂತ ಸದ್ದಾಯಿತು. ಆಕೆ ಆ್ಯಂಟಿವೈರಸ್ ಬಂದ್ ಮಾಡಿ, ಒತ್ತಿದಳು.

ಬೂದು ಅಕ್ಷರಗಳು ಹೋದವು. ಹನ್ನೆರಡು ದಿನ ಮಲ್ಲಿಕಾ ನೆಮ್ಮದಿಯಿಂದ ಉಂಡಳು.

ಹದಿಮೂರನೆಯ ದಿನ ಸೋಮವಾರ. ಬೆಳಿಗ್ಗೆ ಷಟರ್ ಎತ್ತಿ, ಊದಿನಕಡ್ಡಿ ಹಚ್ಚಿ, ಕಂಪ್ಯೂಟರು ಹಚ್ಚಿದಳು. ಅಂದು ಮಧ್ಯಾಹ್ನ ಪದ್ಮಾಬಾಯಿಯ ಮನೆಗೆ ಹೋಗಬೇಕಿತ್ತು, ಹಿಂದಿನ ಹಾಡೊಂದನ್ನು ಮತ್ತೆ ಕೇಳಬೇಕೆಂದು ಫೋಲ್ಡರು ತೆರೆದಳು. ಹಾಡುಗಳ ಹೆಸರೆಲ್ಲ ಬದಲಾಗಿದ್ದವು. ಪ್ರತಿಯೊಂದರ ಹಿಂದೆ ಅರ್ಥವಿಲ್ಲದ ಒಂದಿಷ್ಟು ಇಂಗ್ಲಿಷ್ ಅಕ್ಷರ ಬಾಲದಂತೆ ಅಂಟಿಕೊಂಡಿದ್ದವು. ಒಂದನ್ನು ಒತ್ತಿದಳು, ತೆರೆಯಲಿಲ್ಲ. ಇನ್ನೊಂದು, ಮತ್ತೊಂದು. ಖರೀದಿಪತ್ರಗಳು, ಲಗ್ನಪತ್ರಿಕೆಗಳು, ಎಲ್ಲವೂ ಹಾಗೆಯೇ. ಪರದೆಯ ನಡುವೆ ಒಂದು ಹೊಸ ಕಾಗದವಿತ್ತು. ನಿನ್ನ ಫೈಲುಗಳಿಗೆ ಬೀಗ ಬಿದ್ದಿದೆ, ಕೀಲಿ ನಮ್ಮ ಹತ್ತಿರ ಇದೆ, ಬೇಕಾದರೆ ಈ ವಿಳಾಸಕ್ಕೆ ಬರೆದು ದುಡ್ಡು ಕೊಡು, ಮೂರು ದಿನದ ಗಡುವು. ಇಷ್ಟು ಆಕೆಗೆ ತಿಳಿಯುವಂಥ ಇಂಗ್ಲಿಷಿನಲ್ಲೇ ಇತ್ತು.

ಕೈ ಚಾಚಿ ಗೋಡೆಯ ಸ್ವಿಚ್ಚು ಆರಿಸಿದಳು. ಷಟರನ್ನು ಅರ್ಧ ಇಳಿಸಿ, ಬೆಂಚಿನ ಮೇಲೆ ಕೂತಳು. ಎಷ್ಟು ಹೊತ್ತು ಕೂತಿದ್ದಳೋ. ಊದಿನಕಡ್ಡಿ ಪೂರ್ತಿ ಉರಿದು ಬೂದಿ ಕೆಳಗೆ ಬಿದ್ದಿತ್ತು.

ಮಧ್ಯಾಹ್ನ ಪದ್ಮಾಬಾಯಿಯ ಫೋನು ಬಂತು. “ಯಾಕವಾ, ಇನ್ನೂ ಬರಲಿಲ್ಲ? ನಾ ದಾರಿ ನೋಡ್ಲಿಕ್ಕತ್ತೀನಿ.”

“ಜ್ವರ ಬಂದಾವ್ರಿ ಬಾಯಾರ” ಎಂಬ ಮಾತು ಮಲ್ಲಿಕಾಳ ಬಾಯಿಂದ ತಾನಾಗಿ ಬಂತು.

ಆಮೇಲಿನ ದಿನಗಳು ಕೆಟ್ಟವು. ಪದ್ಮಾಬಾಯಿ ದಿನಾ ಫೋನು ಮಾಡಿ “ಜ್ವರ ಇಳದವೇನು?” ಎಂದು ಕೇಳುವಳು. ಒಂದು ದಿನ ಯಾರದೋ ಕೈಯಲ್ಲಿ ಕಷಾಯದ ಪುಡಿ ಕಳಿಸಿಕೊಟ್ಟಳು. ಮಲ್ಲಿಕಾ ಆ ಪೊಟ್ಟಣ ಹಿಡಿದುಕೊಂಡು ಅಡುಗೆಮನೆಯಲ್ಲಿ ಅತ್ತಳು. ಮೊಬೈಲು ಗುರ್ರೆಂದರೆ ಬೆಚ್ಚುವಳು. ಪೊಲೀಸರಿಗೆ ಹೇಳಬೇಕೆಂದರೆ, ಕಳ್ಳ ಫೈಲು ಹಾಕಿದವಳು ತಾನೇ, ಮೊದಲು ತನ್ನನ್ನೇ ಹಿಡಿದಾರು ಎಂಬ ಭಯ. ಖರೀದಿಪತ್ರದ ಫೈಲುಗಳಲ್ಲಿ ಜನರ ಆಧಾರ್ ನಂಬರು ಇದ್ದವು. ಅವು ಎಲ್ಲಿ ಹೋದವೋ, ಯಾರ ಕೈಗೆ ಸಿಕ್ಕವೋ ಎಂಬುದು ಇನ್ನೊಂದು ಭಯ. ಎಲ್ಲಕ್ಕಿಂತ ಮೇಲೆ, ಕಂಬಕ್ಕೆ ಒರಗಿ ಕೂತ ಆ ಮುದುಕಿಯ ಮುಖ.

ನಾಲ್ಕನೆಯ ದಿನ ಫಕ್ಕೀರಪ್ಪ ಗದ್ದೆಯಿಂದ ಬಂದವನು ಆಕೆಯ ಎದುರು ಕೂತ. “ಜ್ವರ ಇಲ್ಲ ನಿನಗ. ಏನಾಗೇತಿ ಹೇಳು.”

ಹೇಳಿದಳು. ಅವನಿಗೆ ಪೂರ್ತಿ ತಿಳಿಯಲಿಲ್ಲ, ಆದರೆ ಹೆಂಡತಿ ಹೆದರಿದ್ದಾಳೆ ಎಂಬುದು ತಿಳಿಯಿತು. “ಮುಜಾಫರ ಫೋನ್ ಎತ್ತದಿದ್ರ ಏನಾತು? ಅವನ ಮನೀ ಸವಣೂರಾಗ ಅಲ್ಲೇ ಐತಲ್ಲ. ನಾಳೆ ಹೋಗು.”

ಮರುದಿನ ಬೆಳಿಗ್ಗೆ ಕಂಪ್ಯೂಟರಿನ ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಬಸ್ಸು ಹತ್ತಿದಳು. ಬಂಕಾಪುರದಲ್ಲಿ ಇಳಿದು ಇನ್ನೊಂದು ಬಸ್ಸು. ತೊಡೆಯ ಮೇಲಿನ ಗಂಟು ನೋಡಿ ಪಕ್ಕದಲ್ಲಿದ್ದ ಹೆಂಗಸು “ಕೂಸೇನ್ರಿ?” ಎಂದು ಕೇಳಿ, ತನ್ನ ಮಾತಿಗೆ ತಾನೇ ನಕ್ಕಳು. ಮಲ್ಲಿಕಾಳಿಗೆ ನಗು ಬರಲಿಲ್ಲ. ಪ್ರತಿ ಕುಲುಕಾಟಕ್ಕೂ ಎರಡೂ ಕೈಯಿಂದ ಪೆಟ್ಟಿಗೆಯನ್ನು ಅವಚಿಕೊಂಡಳು.

ಮುಜಾಫರನ ಹೆಂಡತಿ ಶಾಹೀನ ಬಾಗಿಲು ತೆರೆದಳು. ಮಗಳು ಮಹೆಕಳಿಗೆ ಡೆಂಗಿ ಆಗಿ ಮೂರು ವಾರ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದರಂತೆ, ಫೋನು ಬಂದ್ ಇಟ್ಟಿದ್ದರಂತೆ. ಹುಡುಗಿ ಸೋತ ಮುಖದಲ್ಲಿ ಮಂಚದ ಮೇಲೆ ಕೂತು ದಾಳಿಂಬೆ ತಿನ್ನುತ್ತಿದ್ದಳು. ಮುಜಾಫರ ಡಿಸ್ಕನ್ನು ಬಿಚ್ಚಿ ತನ್ನ ಬೇರೊಂದು ಯಂತ್ರಕ್ಕೆ ಜೋಡಿಸಿದ. ಒಂದೊಂದೇ ಫೈಲು ಒತ್ತಿ ನೋಡಿ ತಲೆಯಾಡಿಸಿದ.

“ಬೀಗ ಹಾಕಿದವರ ಹತ್ರನ ಕೀಲಿ ಇರತೈತಿ ಅಕ್ಕಾ. ನನ್ನ ಕೈಲೆ ಆಗೂದಿಲ್ಲ. ಕೇಳಿದ್ದು ಕೊಟ್ರೂ ಅವರು ತೆರೀತಾರ ಅನ್ನೂ ಭರವಸೆ ಇಲ್ಲ. ಈ ಡಿಸ್ಕ್ ಹಿಂಗ ತೆಗೆದು ಇಡ್ರಿ. ಎಂದರ ಯಾರರ ಕೀಲಿ ಹುಡಕಿದ್ರ ನೋಡೂಣು.”

“ಆ ಅಕ್ಷರ ಬಂದಿದ್ವಲ್ಲ, ಅವನ್ನ ತಗೀಲಿಕ್ಕೆ ಹೋಗಿ ಹಿಂಗಾತು. ರೇಡ್ ಮಾಡ್ತಾರ ಅಂದ್ರು. ಬಂದ್ ಆಗತೈತಿ ಅಂತ ಅಂಜಿಕಿ ಬಂತು.”

ಮುಜಾಫರ ತಲೆ ಮೇಲೆತ್ತಿದ. “ಬಂದ್ ಆಗತಿರಲಿಲ್ಲಕ್ಕಾ. ಆ ಅಕ್ಷರ ಹಂಗ ಕುಂದರತಿದ್ವು, ಅಷ್ಟ. ಪರದೆ ಚಿತ್ರ ಬದಲಿ ಮಾಡಾಕ ಬರತಿರಲಿಲ್ಲ, ಆಗಾಗ ನೆನಪು ಮಾಡತಿತ್ತು. ನಿಮ್ಮ ಫೈಲ್ ಒಂದನ್ನೂ ಅದು ಮುಟ್ಟತಿರಲಿಲ್ಲ.”

ಮಲ್ಲಿಕಾಳಿಗೆ ಆ ಮಾತು ಕಪಾಳಕ್ಕೆ ಹೊಡೆದಂತಾಯಿತು.

“ಮತ್ತ ನನಗ ಬಿಲ್ ಐತಲ್ಲೋ. ಲೈಸನ್ಸ್ ಯಾಕ ಹೋತು?”

“ನಿಮ್ಮದು ಪೆಟ್ಟಿಗಿ ಜೋಡಿ ಬಂದ ಲೈಸನ್ಸ್. ಅದು ಆ ಮದರ್‌ಬೋರ್ಡಿನ ಗುರುತು ಹಿಡದಿರತೈತಿ. ಬೋರ್ಡ್ ಸುಟ್ಟಿತು, ನಾ ಹೊಸಾದು ಹಾಕಿದೆ. ಅದಕ್ಕ ಇದು ಬ್ಯಾರೆ ಕಂಪ್ಯೂಟರ್ ಅನಿಸಿತು. ಬಿಡಿ ಲೈಸನ್ಸ್ ಅಂತ ಬ್ಯಾರೆ ಮಾರತಾರ, ಅದನ್ನ ತಗೊಂಡು ನಿಮ್ಮ ಇಮೇಲಿಗೆ ಜೋಡಿಸಿದ್ರ ಒಂದು ಯಂತ್ರದಿಂದ ಇನ್ನೊಂದಕ್ಕ ಒಯ್ಯಾಕ ಬರತೈತಿ. ಇದು ಹಂಗಲ್ಲ.” ಡಿಸ್ಕಿನ ತಂತಿ ಬಿಚ್ಚುತ್ತ ಹೇಳಿದ: “ಬೋರ್ಡ್ ಹಾಕಿದ ದಿನ ಇದನ್ನ ನಾ ಹೇಳಬೇಕಾಗಿತ್ತು. ಮಹೆಕಗ ಜ್ವರ ಏರಾಕತ್ತಿತ್ತು, ಮನಿಯಿಂದ ಫೋನ್ ಮ್ಯಾಲ ಫೋನ್. ಓಡಿ ಬಂದ್ನಿ. ತಪ್ಪು ನಂದೂ ಐತಿ.”

ಮಲ್ಲಿಕಾ ಮಂಚದ ಮೇಲಿದ್ದ ಹುಡುಗಿಯ ಕಡೆ ನೋಡಿದಳು. ಅಂಗಡಿಯ ಉಳಿದೆರಡು ಕಂಪ್ಯೂಟರಿನ ಬಗ್ಗೆ ಕೇಳಿದಳು. ಅವಕ್ಕೂ ಹೀಗೇ ಆ ಅಕ್ಷರ ಬರುತ್ತವೆಯೇ?

“ಲ್ಯಾಪ್‌ಟಾಪಿನ ಚಿಂತಿ ಬಿಡ್ರಿ. ಅದರ ಕೀಲಿ ಕಾರ್ಖಾನಿಯೊಳಗ ಬೋರ್ಡಿನಾಗ ಬರದು ಕಳಿಸಿರತಾರ. ನಾಳೆ ಪೂರಾ ಅಳಿಸಿ ಹೊಸದಾಗಿ ಹಾಕಿದ್ರೂ ಇಂಟರ್ನೆಟ್ ಹಚ್ಚಿದ ಕೂಡಲೇ ತಾನ ಗುರುತು ಹಿಡಿತೈತಿ. ಯುಗಾದಿಗೆ ಹರಾಜಿನಾಗ ತಂದ್ರಲ್ಲ, ಆ ಕಚೇರಿ ಕಂಪ್ಯೂಟರ್, ಅದು ಬ್ಯಾರೆ. ದೊಡ್ಡ ಕಚೇರಿಯೊಳಗ ಒಂದೊಂದಕ್ಕ ಕೀಲಿ ಕೊಡೂದಿಲ್ಲ. ಕಚೇರಿದ ಒಂದು ಸರ್ವರ್ ಇರತೈತಿ, ಎಲ್ಲಾ ಕಂಪ್ಯೂಟರ್ ಅದರ ಹತ್ರ ಹಾಜರಿ ಹಾಕಬೇಕು. ಆರು ತಿಂಗಳು ಹಾಜರಿ ಹಾಕದಿದ್ರ ಲೈಸನ್ಸ್ ಬಿಟ್ಟುಹೋಗತೈತಿ. ಅದು ಹೊರಗ ಬಂದೈತಿ, ಇನ್ನ ಎಲ್ಲಿ ಹಾಕತೈತಿ? ದಸರಾ ಹೊತ್ತಿಗೆ ಅದರಾಗೂ ಆ ಅಕ್ಷರ ಬರತಾವ. ಬಂದ್ರ ಅಂಜಬ್ಯಾಡ್ರಿ. ನನಗ ಹೇಳ್ರಿ.”

ಹೊರಡುವಾಗ ಪೊಲೀಸರಿಗೆ ದೂರು ಕೊಡಲೇಬೇಕೆಂದ. ಆಕೆಯ ಮುಖ ನೋಡಿ, ತಾನೂ ಜೊತೆಗೆ ಬರುವೆನೆಂದ.

ಹಾವೇರಿಗೆ ಇಬ್ಬರೂ ಮರುದಿನವೇ ಹೋದರು. ಠಾಣೆಯ ಮೆಟ್ಟಿಲನ್ನು ಮಲ್ಲಿಕಾ ಕಟಕಟೆ ಹಿಡಿದು ಒಂದೊಂದಾಗಿ ಹತ್ತಿದಳು. ಒಳಗಿದ್ದ ಅಧಿಕಾರಿ ಎಲ್ಲ ಕೇಳಿಕೊಂಡ. ಕಳ್ಳ ಫೈಲು ಹಾಕಿದ್ದನ್ನೂ ಆಕೆ ಮುಚ್ಚಿಡಲಿಲ್ಲ. ಮುಚ್ಚಿಡುವಷ್ಟು ತ್ರಾಣವೇ ಉಳಿದಿರಲಿಲ್ಲ. ಅವನು ಬೈಯಲಿಲ್ಲ. ಬರೆದುಕೊಂಡ, ಯಾರ್ಯಾರ ಕಾಗದ ಇದ್ದವೋ ಅವರಿಗೆಲ್ಲ ಇವತ್ತೇ ತಿಳಿಸಬೇಕೆಂದ, “ಬ್ಯಾರೆ ಫೋನ್ ಬಂದ್ರ ಓಟಿಪಿ ಕೊಡಬ್ಯಾಡ್ರಿ ಅಂತ ಹೇಳ್ರಿ” ಎಂದ, ದೂರಿನ ಪ್ರತಿ ಕೊಟ್ಟು ಕಳಿಸಿದ. ಎರಡು ದಿನ ಕೂತು ಮಲ್ಲಿಕಾ ಒಬ್ಬೊಬ್ಬರಿಗೂ ಫೋನು ಮಾಡಿದಳು. ಕೆಲವರು ಬೈದರು. ಕೆಲವರಿಗೆ ಅರ್ಥವಾಗಲಿಲ್ಲ. ಇನ್ನೊಬ್ಬರಿಗೆ ಹೇಳುವುದು ಬಾಕಿ ಇತ್ತು.

ಪದ್ಮಾಬಾಯಿ ಪಡಸಾಲೆಯಲ್ಲಿ ಹೂಬತ್ತಿ ಮಾಡುತ್ತಿದ್ದಳು. “ಬಾರವಾ. ಎಷ್ಟು ಸೊರಗೀಯಲ್ಲ. ಕೂಡು.”

ಮಲ್ಲಿಕಾ ಕೂರಲಿಲ್ಲ. ನಿಂತೇ ಹೇಳಿದಳು. ಕರೆಂಟಿನಿಂದ ಹಿಡಿದು ಠಾಣೆಯವರೆಗೆ, ತನ್ನ ಕೈಯಿಂದಲೇ ಆದದ್ದೆಂದು ಹೇಳಿದಳು. ಹಾಡಿದ ದನಿ ಒಂದೂ ಉಳಿದಿಲ್ಲ, ಬರೆದದ್ದೂ ಇಲ್ಲ.

ಪದ್ಮಾಬಾಯಿ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟಳು. ಆಮೇಲೆ ಕೇಳಿದಳು: “ಜ್ವರ ಅಂದಿದ್ದಿ. ಅದು ಖರೇನೋ ಸುಳ್ಳೋ?”

“ಸುಳ್ರಿ.”

“ನಾ ದಿನಾ ದೇವರ ಮುಂದ ನಿಂತು ನಿನ್ನ ಹೆಸರು ಹೇಳ್ಲಿಕ್ಕತ್ತಿದ್ದೆ.” ದನಿಯಲ್ಲಿ ಸಿಟ್ಟಿರಲಿಲ್ಲ, ಮಲ್ಲಿಕಾಳಿಗೆ ಅದು ಇನ್ನೂ ಕಷ್ಟವಾಯಿತು. “ನಾಲ್ಕು ವರ್ಷದ ಹಿಂದ ನನಗ ಇದ್ದ ನೆನಪು ಈಗ ಇಲ್ಲ ಮಲ್ಲಿಕಾ. ಅದು ನಿನಗ ಗೊತ್ತದ. ಇವತ್ತ ನೀ ಮನೀಗೆ ಹೋಗು.”

ಆಕೆ ಮನೆಗೆ ಬಂದಳು. ಇನ್ನು ಆ ಹೊಸ್ತಿಲು ದಾಟುವುದು ಆಗದ ಮಾತೆಂದು ಮನಸ್ಸಿಗೆ ತಿಳಿಸಿಕೊಳ್ಳಲು ನೋಡಿದಳು. ಆದರೂ ಬೆಳಗಾದ ಮೇಲೆ ತಿಳವಳ್ಳಿಯ ಮೇಲೆ ಹೋಗುವ ಬಸ್ಸು ಹಿಡಿದು ಹಿರೇಕೆರೂರಿಗೆ ಹೋದಳು. ಸುಯಮೀಂದ್ರನಿಗೂ ಎದುರಿಗೆ ನಿಂತೇ ಹೇಳಬೇಕಿತ್ತು.

ಅವನು ಕೇಳಿ, ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡ. ಆಮೇಲೆ ಎದ್ದುಹೋಗಿ ಒಳಗಿನ ಕಪಾಟಿನಿಂದ ದಾರ ಕಟ್ಟಿದ ಒಂದು ಕಟ್ಟು ತಂದ. ಎರಡು ವರ್ಷದ ಹಿಂದೆ ತಿದ್ದಲೆಂದು ಆಕೆಯೇ ಪ್ರಿಂಟು ತೆಗೆದು ಕಳಿಸಿ ಮರೆತಿದ್ದು. “ಆವಾಗ ಅರ್ಧಾ ತಿದ್ದಿ ಇಟ್ಟುಬಿಟ್ಟೆ. ನನ್ನ ಆಲಸ್ಯಕ್ಕ ನಾನ ಬೈಕೊಂತಿದ್ದೆ” ಎಂದ. ಆಕೆ ಮೇಜಿನ ಮೇಲೆ ಹರಡಿ ಎಣಿಸಿದಳು. ನೂರಾ ಹನ್ನೆರಡು ಹಾಡು. ದನಿ ಅಲ್ಲ, ಅಕ್ಷರ ಮಾತ್ರ.

ಅಂಗಡಿಯ ದೊಡ್ಡ ಕಂಪ್ಯೂಟರಿಗೆ ಮುಜಾಫರ ಹೊಸ ಡಿಸ್ಕ್ ಹಾಕಿ, ಬಿಡಿ ಲೈಸನ್ಸ್ ತರಿಸಿ, ಆಕೆಯ ಇಮೇಲಿಗೆ ಜೋಡಿಸಿಕೊಟ್ಟ. ದಸರಾಕ್ಕೆ ಎರಡು ದಿನ ಮುಂಚೆ ಹರಾಜಿನ ಕಂಪ್ಯೂಟರಿನಲ್ಲಿ ಆ ಬೂದು ಅಕ್ಷರ ಬಂದೇ ಬಂದವು. ಹೇಳಿದ್ದು ನೆನಪಿದ್ದರೂ ಮಲ್ಲಿಕಾ ಕುರ್ಚಿಯಿಂದ ಎದ್ದು ಹೊರಗೆ ಹೋಗಿ ನಿಂತಳು. ಮುಜಾಫರ ಅದಕ್ಕೆ ಲೈಸನ್ಸ್ ಬೇಡದ, ಪುಕ್ಕಟೆಯಾಗಿ ಯಾರಾದರೂ ಬಳಸಬಹುದಾದ ಲಿನಕ್ಸ್ ಹಾಕಿದ. ಅದರಲ್ಲಿ ಕನ್ನಡ ಬಡಿಯಲು ಕೈ ಪಳಗಲು ಒಂದು ವಾರ ಹಿಡಿಯಿತು.

ಪದ್ಮಾಬಾಯಿಯ ಫೋನು ಮಾತ್ರ ದಸರಾಕ್ಕಿಂತ ಬಹಳ ಮುಂಚೆಯೇ, ಹಿರೇಕೆರೂರಿಗೆ ಹೋಗಿಬಂದ ಒಂಬತ್ತನೆಯ ದಿನ ಬಂದಿತ್ತು.

“ಸುಯಮೀಂದ್ರ ಹೇಳಿದ. ಎಷ್ಟು ಉಳದಾವಂತ?”

“ನೂರಾ ಹನ್ನೆರಡು ಕಾಗದದ ಮ್ಯಾಲ ಅದಾವ್ರಿ ಬಾಯಾರ. ಎಪ್ಪತ್ತೆಂಟು ಹೋಗ್ಯಾವ್ರಿ.”

“ಯಾವ್ಯಾವು ಹೋಗ್ಯಾವ ಅವುಗಳ ಹೆಸರು ಬರಕೊಂಡು ನಾಳೆ ಬಾ. ನಾ ಇರೂತನಾ ಆಗೂದು ಆಗ್ತದ. ಮತ್ತ ಜ್ವರ-ಗಿರ ಅನ್ನಬ್ಯಾಡ.”

ಮಲ್ಲಿಕಾ ಹೋದಳು. ಮೊದಲ ದಿನ ಪದ್ಮಾಬಾಯಿ ಎರಡು ಹಾಡು ಹಾಡಿದಳು, ಮೂರನೆಯದರ ನಡುವೆ ನಿಂತಳು. ಕೆಲವು ಸಾಲು ಮಲ್ಲಿಕಾಳ ಬಾಯಲ್ಲೇ ಇದ್ದವು. ನಾಲ್ಕು ವರ್ಷ ಕೇಳಿ ಕೇಳಿ ಟೈಪು ಮಾಡಿದ್ದಳಲ್ಲ. ಆಕೆ ಸಣ್ಣ ದನಿಯಲ್ಲಿ ಹೇಳಿಕೊಟ್ಟರೆ ಮುದುಕಿ ಹಿಡಿದು ಮುಂದೆ ಒಯ್ಯುವಳು. ಕೆಲವು ದಿನ ಇಬ್ಬರಿಗೂ ಏನೂ ಬರುತ್ತಿರಲಿಲ್ಲ. ಮಗಳನ್ನು ಒಪ್ಪಿಸುವ ಹಾಡಿನದು ಮೊದಲ ಎರಡು ಸಾಲು ಸಿಕ್ಕವು, ಉಳಿದದ್ದು ಎಷ್ಟು ಕೂತರೂ ಸಿಗಲಿಲ್ಲ. ಪದ್ಮಾಬಾಯಿ ಕಣ್ಣು ಮುಚ್ಚಿ, ತಾಯಿ ಹಾಡುತ್ತಿದ್ದ ದನಿ ನೆನೆಸಿಕೊಂಡು ನೋಡಿದಳು. “ದನಿ ಬರ್ತದ, ಮಾತು ಬರವಲ್ಲವು” ಎಂದಳು. ಮಲ್ಲಿಕಾ ಆ ಎರಡು ಸಾಲನ್ನೇ ಬರೆದುಕೊಂಡು ಕೆಳಗೆ ಜಾಗ ಬಿಟ್ಟಳು.

ಈ ಸಂಕ್ರಾಂತಿಯ ಹೊತ್ತಿಗೆ ಕಳೆದುಹೋದ ಎಪ್ಪತ್ತೆಂಟರಲ್ಲಿ ಐವತ್ತೊಂದು ಹಾಡು ತಿರುಗಿ ಬಂದಿದ್ದವು. ಇಪ್ಪತ್ತೇಳು ಬಂದಿಲ್ಲ. ಪ್ರತಿ ಶನಿವಾರ ಮಲ್ಲಿಕಾ ಎಲ್ಲವನ್ನೂ ಎರಡು ಪೆನ್‌ಡ್ರೈವಿಗೆ ಹಾಕಿ, ಒಂದನ್ನು ಹಿರೇಕೆರೂರಿಗೆ ಕಳಿಸುತ್ತಾಳೆ, ಒಂದನ್ನು ಪದ್ಮಾಬಾಯಿಯ ದೇವರಮನೆಯ ಡಬ್ಬಿಯಲ್ಲಿ ಇಡುತ್ತಾಳೆ. ಕಂಪ್ಯೂಟರು ಹಚ್ಚಿ ಪರದೆ ಬೆಳಗಾಗುವ ತನಕ ಇಂದಿಗೂ ಆಕೆಯ ಎಡಗೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿರುತ್ತದೆ. ಫೋಲ್ಡರು ತೆರೆದು ಹಾಡುಗಳ ಹೆಸರು ನೆಟ್ಟಗೆ ಕಂಡ ಮೇಲೆಯೇ ಬೆಂಚಿನ ಮೇಲೆ ಕೂತವರ ಕಡೆ ತಿರುಗಿ, ಏನು ಕೆಲಸವೆಂದು ಕೇಳುತ್ತಾಳೆ.